ಕೆಂಪು ಚುಕ್ಕೆ ಹೇಳುವ ತಾರೀಖು

ಎರಡನೇ ಮಹಾಯುದ್ಧದ ಕಾಲದ ಕಪ್ಪುಬಿಳುಪು ಫೋಟೊ ಒಂದು ಕೈಗೆ ಸಿಕ್ಕರೆ, ಅನುಭವಿ ವಿಮಾನಾಸಕ್ತರು ಎಂಜಿನ್ನು, ರೆಕ್ಕೆಗಳನ್ನು ಬೇಗನೆ ಗುರುತಿಸಿ ಮುಗಿಸುತ್ತಾರೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ಕೂರುವುದು ವಿಮಾನದ ಪಕ್ಕೆಯ ಮೇಲಿನ ವೃತ್ತಲಾಂಛನದ, ಅಂದರೆ ಅದು ಯಾವ ದೇಶದ್ದೆಂದು ಹೇಳುವ ದುಂಡು ಗುರುತಿನ ಮುಂದೆ. ಅದರ ಬಣ್ಣಗಳು ಬದಲಾದ ಕಾಲ ಗೊತ್ತಿದ್ದರೆ ಫೋಟೊದ ಕಾಲವೂ ಗೊತ್ತಾಗುತ್ತದೆ.

ಈ ಬದಲಾವಣೆಗಳ ಹಿಂದೆ ಇರುವುದು ಅಲಂಕಾರದ ಆಸೆಯಲ್ಲ, ಕಣ್ಣಿನ ಮಿತಿ. 1914ರಲ್ಲಿ ಬ್ರಿಟಿಷರು ತಮ್ಮ ವಿಮಾನಗಳ ರೆಕ್ಕೆಯಡಿ ರಾಷ್ಟ್ರಧ್ವಜವನ್ನೇ ಬರೆದಿದ್ದರು. ನೆಲದಿಂದ ನೋಡುವವರಿಗೆ ಅದರಲ್ಲಿನ ಕೆಂಪು ಶಿಲುಬೆ ಜರ್ಮನರ ಶಿಲುಬೆಯಂತೆಯೇ ಕಂಡಿತು. ದೂರ ಹೆಚ್ಚಿದಂತೆ ಚಿಕ್ಕ ಗುರುತಿನ ಬಣ್ಣ ಮೊದಲು ಮಾಸಿ, ಆಕಾರವಷ್ಟೇ ಉಳಿಯುತ್ತದೆ. ಹಾಗಾಗಿ ಅವರು ಫ್ರೆಂಚರ ವೃತ್ತವನ್ನು ಎರವಲು ಪಡೆದು, ಬಣ್ಣಗಳನ್ನು ತಿರುವುಮುರುವು ಮಾಡಿ, ನೀಲಿಯನ್ನು ಹೊರಗೂ ಕೆಂಪನ್ನು ನಡುವೆಯೂ ಇಟ್ಟರು.

ಅದೇ ಕೆಂಪು 1942ರಲ್ಲಿ ಪೆಸಿಫಿಕ್ ಸಾಗರದ ಮೇಲೆ ಅಪಾಯ ತಂದಿತು. ಜಪಾನಿನ ವಿಮಾನಗಳ ಗುರುತು ಕೆಂಪು ಸೂರ್ಯ. ಬ್ರಿಟಿಷರ ಗುರುತನ್ನೇ ಹೊತ್ತಿದ್ದ ಆಸ್ಟ್ರೇಲಿಯಾದ ಒಂದು ಕ್ಯಾಟಲೀನಾ ವಿಮಾನವನ್ನು ಅಮೆರಿಕದ ನೌಕಾಪಡೆಯ ವೈಲ್ಡ್‌ಕ್ಯಾಟ್ ಯುದ್ಧವಿಮಾನ ಶತ್ರುವೆಂದೇ ಭಾವಿಸಿದ ಪ್ರಸಂಗ ನಡೆದ ಮೇಲೆ ಆಸ್ಟ್ರೇಲಿಯನ್ನರು ಕೆಂಪನ್ನು ಅಳಿಸಿದರು. ಅಮೆರಿಕನ್ನರು ಆ ವರ್ಷದ ಮೇ ತಿಂಗಳಲ್ಲೇ ತಮ್ಮ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನು ಕೈಬಿಟ್ಟಿದ್ದರು. ಬರ್ಮಾ ರಣರಂಗದಲ್ಲಿ ಹಾರಿದ ನಮ್ಮ ವಾಯುಪಡೆಯ ಹರಿಕೇನ್ ಯುದ್ಧವಿಮಾನಗಳ ಮೇಲೂ ಕೊನೆಗೆ ಉಳಿದದ್ದು ಕಡುನೀಲಿ ವೃತ್ತದೊಳಗೆ ತಿಳಿನೀಲಿ ಚುಕ್ಕೆ ಮಾತ್ರ. ಇಂದಿನ ಕೇಸರಿ, ಬಿಳಿ, ಹಸಿರಿನ ವೃತ್ತ ಬಂದದ್ದು ಗಣರಾಜ್ಯದೊಂದಿಗೆ, 1950ರಲ್ಲಿ. ಸ್ವಾತಂತ್ರ್ಯಕ್ಕೂ ಅದಕ್ಕೂ ನಡುವಿನ ಅಲ್ಪಕಾಲದಲ್ಲಿ ಅಶೋಕಚಕ್ರವಿತ್ತು. ಚಕ್ರವಿರುವ ವಿಮಾನದ ಚಿತ್ರ ನನಗಂತೂ ಬಹಳ ಪ್ರಿಯ. ಅಂಥದೊಂದು ಕಂಡರೆ ಆ ಎರಡು ಮೂರು ವರ್ಷಗಳೇ ಕಣ್ಣೆದುರು ಬಂದಂತಾಗುತ್ತದೆ.

ಅಮೆರಿಕದ ಗುರುತು ಕಾಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಡುತ್ತದೆ. 1943ರ ಜೂನ್‌ನಲ್ಲಿ ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿಗಳು ಬಂದವು, ಸುತ್ತ ಕೆಂಪು ಅಂಚಿನ ಸಮೇತ. ಕೆಲವೇ ತಿಂಗಳಲ್ಲಿ ಆ ಅಂಚು ನೀಲಿಯಾಯಿತು. ಕೆಂಪು ಅಂಚು ಇದ್ದರೆ, ಆ ಬಣ್ಣ ಬಳಿದದ್ದು ಆ ಕೆಲವು ತಿಂಗಳುಗಳ ಒಳಗೇ ಎಂದು ತಿಳಿಯಬಹುದು.

ಆದರೆ ಕಪ್ಪುಬಿಳುಪು ಚಿತ್ರದಲ್ಲಿ ಕೆಂಪನ್ನು ನೀಲಿಯಿಂದ ಬೇರ್ಪಡಿಸುವುದು ಹೇಗೆ? ಇಲ್ಲಿ ಫಿಲ್ಮಿನ ರಸಾಯನ ತಿಳಿದಿರಬೇಕು. ಆಗ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿನ ಲೇಪ ನೀಲಿ ಮತ್ತು ಹಸಿರು ಬೆಳಕಿಗೆ ಮಾತ್ರ ಸ್ಪಂದಿಸುತ್ತಿತ್ತು. ಕೆಂಪು ಬೆಳಕು ಅದರ ಪಾಲಿಗೆ ಕತ್ತಲೆ. ಹೀಗಾಗಿ ಅದರಲ್ಲಿ ಕೆಂಪು ಹೆಚ್ಚುಕಡಿಮೆ ಕಪ್ಪಾಗಿಯೂ ನೀಲಿ ತಿಳಿಬೂದಿಯಾಗಿಯೂ ಮೂಡುತ್ತದೆ. ಹಳದಿ ಕೂಡ ಕಡುವಾಗಿಯೇ ಕಾಣುತ್ತದೆ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಾದರೆ ಹಳದಿ ಬೆಳ್ಳಗೆ ಹೊಳೆಯುತ್ತದೆ.

1940ರ ಬೇಸಿಗೆಯಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಕಾದಾಡಿದ ಹರಿಕೇನ್‌ಗಳ ಪಕ್ಕೆಯ ವೃತ್ತಕ್ಕೆ ಹೊರಗಡೆ ಹಳದಿ ಉಂಗುರವಿತ್ತು. ಫೋಟೊದಲ್ಲಿ ಅದು ಕಾಣಲಿಲ್ಲವೆಂದು ಚಿತ್ರಕ್ಕೆ ಬೇರೆ ತಾರೀಖು ಕೊಟ್ಟುಬಿಟ್ಟರೆ ಎಡವಿದಂತೆ. ಮೊದಲು ನಡುವಿನ ಚುಕ್ಕೆಯನ್ನು ನೋಡಬೇಕು. ಅದು ನೀಲಿ ಉಂಗುರಕ್ಕಿಂತ ತುಂಬ ಕಪ್ಪಗಿದ್ದರೆ ಫಿಲ್ಮು ಕೆಂಪಿಗೆ ಕುರುಡು. ಆಗ ಹಳದಿ ಉಂಗುರವೂ ಮರೆಮಾಚುವ ಕಡುಬಣ್ಣದೊಳಗೆ ಅಡಗಿ ಕೂತಿರಬಹುದು, ಅದರ ತೆಳು ಹೊರ ಅಂಚನ್ನು ಭೂತಗನ್ನಡಿಯಲ್ಲೇ ಹುಡುಕಬೇಕು.