ಕೆಮ್ಮು ನೆಗಡಿಯ ಜೊತೆಗೆ ಭೇದಿ ಏಕೆ?

ಮನೆಯಲ್ಲೊಬ್ಬರಿಗೆ ಫ್ಲೂ ಬಂದು, ಎರಡು ಮೂರು ದಿನಗಳಲ್ಲಿ ಹೊಟ್ಟೆಯೂ ಕೆಟ್ಟಿತೆಂದರೆ ನಮ್ಮಲ್ಲಿ ಎರಡು ವಿವರಣೆಗಳು ಸಿದ್ಧವಾಗಿರುತ್ತವೆ: ಕಫ ಹೊಟ್ಟೆಗೆ ಇಳಿದಿದೆ, ಇಲ್ಲವೇ ಉಷ್ಣವಾಗಿದೆ. ಕಫವನ್ನು ನಾವು ಆರೋಗ್ಯವಾಗಿದ್ದಾಗಲೂ ದಿನವಿಡೀ ನುಂಗುತ್ತಲೇ ಇರುತ್ತೇವೆ. ಫ್ಲೂ ವೈರಸ್ಸಿನ ಹೊರಕವಚ ಕೊಬ್ಬಿನಿಂದಾದದ್ದು. ಜಠರದ ಆಮ್ಲ ಮತ್ತು ಪಿತ್ತರಸಗಳ ನಡುವೆ ಅದು ಉಳಿದುಕೊಳ್ಳುವುದು ಕಷ್ಟ. ಉಷ್ಣದ ಬಗ್ಗೆ ಹೇಳುವುದಾದರೆ, ಯಾವ ಕಾಯಿಲೆಗೂ ಸಲ್ಲುವ ವಿವರಣೆಯಿಂದ ಯಾವ ಕಾಯಿಲೆಯೂ ಅರ್ಥವಾಗುವುದಿಲ್ಲ. ಇತ್ತೀಚೆಗೆ ಇವುಗಳ ಜೊತೆಗೆ ‘ಸ್ಟಮಕ್ ಫ್ಲೂ’ ಎಂಬ ಮಾತೂ ಸೇರಿಕೊಂಡಿದೆ. ಆ ಹೆಸರಿನಲ್ಲಿ ಕರೆಯುವ ವಾಂತಿಭೇದಿ ಸಾಮಾನ್ಯವಾಗಿ ನೊರೊವೈರಸ್ ಅಥವಾ ರೋಟಾವೈರಸ್ಸಿನ ಕೆಲಸ. ಅವಕ್ಕೂ ಫ್ಲೂಗೂ ನಂಟಿಲ್ಲ. ಇಲ್ಲಿ ಹೇಳಹೊರಟಿರುವುದು ಉಸಿರಾಟದ ದಾರಿಯಲ್ಲೇ ಬಂದ ವೈರಸ್ಸು ಕರುಳನ್ನು ಕೆಡಿಸುವ ಬಗೆಯನ್ನು. ಈ ಕೆಲಸಕ್ಕೆ ಕೊರೊನಾ ಮತ್ತು ಫ್ಲೂ ವೈರಸ್ಸುಗಳು ಹಿಡಿಯುವ ದಾರಿಗಳು ಬೇರೆ ಬೇರೆ.

ಕೊರೊನಾದ್ದು ನೇರ ದಾರಿ. 2020ರ ಜನವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪತ್ತೆಯಾದ, ಆ ದೇಶದ ಮೊದಲ ಕೋವಿಡ್ ರೋಗಿಗೆ ಕೆಮ್ಮು ಜ್ವರಗಳ ಜೊತೆ ವಾಕರಿಕೆ, ವಾಂತಿಗಳಿದ್ದವು. ಆಸ್ಪತ್ರೆ ಸೇರಿದ ಮೇಲೆ ಭೇದಿಯೂ ಆಯಿತು, ಮಲದ ಮಾದರಿಯಲ್ಲಿ ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಸಿಕ್ಕಿತು. ಈ ವೈರಸ್ಸು ಜೀವಕೋಶದ ಒಳಹೊಗಲು ಹಿಡಿದುಕೊಳ್ಳುವ ಎಸಿಇ2 ಎಂಬ ಪ್ರೋಟೀನು ಶ್ವಾಸಕೋಶಕ್ಕಿಂತ ಸಣ್ಣಕರುಳಿನ ಒಳಪದರದಲ್ಲೇ ಹೇರಳವಾಗಿದೆ. ಅದು ವೈರಸ್ಸಿಗಾಗಿ ಕಾದು ಕುಳಿತಿರುವ ಬಾಗಿಲೇನೂ ಅಲ್ಲ. ಊಟದಿಂದ ಬಂದ ಟ್ರಿಪ್ಟೊಫಾನ್‌ನಂಥ ಅಮೈನೋ ಆಮ್ಲಗಳನ್ನು ಹೀರಿಕೊಳ್ಳುವ ಮತ್ತೊಂದು ಪ್ರೋಟೀನಿಗೆ ಆಸರೆಯಾಗಿ ನಿಲ್ಲುವುದು ಅಲ್ಲಿ ಅದರ ನಿತ್ಯದ ಕೆಲಸ. ಎಸಿಇ2 ಇಲ್ಲದ ಇಲಿಗಳಲ್ಲಿ ಟ್ರಿಪ್ಟೊಫಾನ್ ಹೀರಿಕೆ ಕುಗ್ಗಿ, ಕರುಳು ತಾನೇ ತಯಾರಿಸುವ ಸೂಕ್ಷ್ಮಾಣುನಾಶಕಗಳು ಕಡಿಮೆಯಾಗಿ, ಉರಿಯೂತಕ್ಕೆ ಅವು ಬೇಗ ತುತ್ತಾಗುತ್ತವೆ ಎಂದು 2012ರಲ್ಲೇ, ಎಂದರೆ ಕೋವಿಡ್ ಕಾಣಿಸುವುದಕ್ಕೂ ಬಹಳ ಮೊದಲೇ, ತೋರಿಸಲಾಗಿತ್ತು.

ಇದರ ಹಿಂದಿನ ಅಧ್ಯಾಯ ಹಾಂಗ್‌ಕಾಂಗಿನದು. 2003ರ ಮಾರ್ಚ್‌ನಲ್ಲಿ, ಕೋವಿಡ್ ವೈರಸ್ಸಿನ ಹತ್ತಿರದ ಬಂಧುವಾದ ಮತ್ತೊಂದು ಕೊರೊನಾ ವೈರಸ್ಸಿನಿಂದ ಬರುವ ಸಾರ್ಸ್ ಹಬ್ಬುತ್ತಿದ್ದಾಗ, ಅಮೊಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದ ಮನೆಯೊಂದಕ್ಕೆ ಭೇದಿಯಿಂದ ಬಳಲುತ್ತಿದ್ದ ಸೋಂಕಿತನೊಬ್ಬ ಬಂದು ಶೌಚಾಲಯ ಬಳಸಿದ. ಬಚ್ಚಲಿನ ನೆಲದ ಕೊಳವೆಗಳಲ್ಲಿ ದುರ್ವಾಸನೆಯನ್ನು ತಡೆಯಬೇಕಿದ್ದ ಬಾಗಿದ ಭಾಗಗಳು ಹಲವು ಮನೆಗಳಲ್ಲಿ ನೀರಿಲ್ಲದೆ ಒಣಗಿದ್ದವು. ಗಾಳಿ ಹೊರದೂಡುವ ಫ್ಯಾನುಗಳು ಆ ಕೊಳವೆಗಳಿಂದಲೇ ಕೊಳಚೆಯ ತುಂತುರನ್ನು ಮನೆಯೊಳಕ್ಕೆ ಎಳೆದವು ಎಂಬುದು ತನಿಖೆಯ ತೀರ್ಮಾನ. ಮುನ್ನೂರಕ್ಕೂ ಹೆಚ್ಚು ನಿವಾಸಿಗಳು ಸೋಂಕಿತರಾದರು. ಅವರಲ್ಲಿ ಸುಮಾರು ಮೂರನೆಯ ಎರಡರಷ್ಟು ಮಂದಿಗೆ ಭೇದಿಯಿತ್ತು. ಆದರೆ ಕೋವಿಡ್‌ನಲ್ಲಿ ಮಲದಲ್ಲಿ ಸಿಗುವುದು ಹೆಚ್ಚಾಗಿ ವೈರಸ್ಸಿನ ಆರ್‌ಎನ್‌ಎ ತುಣುಕುಗಳೇ ಹೊರತು ಜೀವಂತ ಸೋಂಕಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಪರೀಕ್ಷಿಸಿ ಡೆಲ್ಟಾ ತಳಿ ಹಿಂದೆ ಸರಿದು ಓಮಿಕ್ರಾನ್ ಮುಂದೆ ಬಂದದ್ದನ್ನು ವಿಜ್ಞಾನಿಗಳು ಗುರುತಿಸಿದ್ದು ಇದೇ ತುಣುಕುಗಳ ನೆರವಿನಿಂದ.

ನನಗೆ ಇದಕ್ಕಿಂತಲೂ ಸೋಜಿಗವೆನಿಸುವುದು ಫ್ಲೂ ವೈರಸ್ಸಿನ ದಾರಿ, ಏಕೆಂದರೆ ಅಲ್ಲಿ ವೈರಸ್ಸು ಕರುಳಿಗೆ ಹೋಗಬೇಕಾದ ಅಗತ್ಯವೇ ಇಲ್ಲ. ಚೀನಾದ ಹೆಫೈ ನಗರದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳ ಮೂಗಿಗೆ ಫ್ಲೂ ವೈರಸ್ಸನ್ನು ಹಾಕಿದಾಗ ಶ್ವಾಸಕೋಶದ ಜೊತೆಗೆ ಕರುಳಿಗೂ ಗಾಯವಾಯಿತು; ಆದರೆ ಕರುಳಿನಲ್ಲಿ ಹುಡುಕಿದರೆ ವೈರಸ್ಸೇ ಇರಲಿಲ್ಲ. ಅಲ್ಲಿಗೆ ಹೋದದ್ದು ವೈರಸ್ಸಿನ ವಿರುದ್ಧ ಶ್ವಾಸಕೋಶದಲ್ಲಿ ಸಜ್ಜಾದ, ದೇಹದ ರಕ್ಷಣಾಪಡೆಗೆ ಸೇರಿದ ಟಿ ಕೋಶಗಳು. ರಕ್ತದಲ್ಲಿ ಸಂಚರಿಸುವ ಟಿ ಕೋಶ ಎಲ್ಲಿ ಇಳಿಯಬೇಕೆಂಬುದನ್ನು ಅದರ ಮೈಮೇಲಿನ ಗ್ರಾಹಕಗಳು, ಬಸ್ಸಿನ ಹಣೆಯ ಮೇಲಿನ ಊರಿನ ಬೋರ್ಡಿನಂತೆ, ಗೊತ್ತುಮಾಡುತ್ತವೆ. ಶ್ವಾಸಕೋಶದಲ್ಲಿ ತಯಾರಾದ ಈ ಕೋಶಗಳಲ್ಲಿ ಕೆಲವು ಸಿಸಿಆರ್9 ಎಂಬ ಗ್ರಾಹಕವನ್ನು ಹೊತ್ತಿದ್ದವು. ಅದನ್ನು ಸೆಳೆಯುವ ರಾಸಾಯನಿಕ ಸಂಕೇತವನ್ನು ಹೊರಡಿಸುವುದು ಸಣ್ಣಕರುಳು. ಹೀಗೆ ಅಲ್ಲಿ ಇಳಿದ ಕೋಶಗಳು ಗಾಮಾ ಇಂಟರ್‌ಫೆರಾನ್ ಎಂಬ ಸಂಕೇತ ಪ್ರೋಟೀನನ್ನು ಸುರಿಸುತ್ತವೆ. ಅದರಿಂದ ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿ, ಇ. ಕೋಲಿಯ ಬಳಗದವು ಹೆಚ್ಚುತ್ತವೆ. ಬದಲಾದ ಈ ಬಳಗವನ್ನು ಕಂಡು ಕರುಳಿನ ಒಳಪದರ ಐಎಲ್-15 ಎಂಬ ಸಂಕೇತವನ್ನು ಕಳುಹಿಸುತ್ತದೆ. ಅದರ ಪ್ರಚೋದನೆಗೆ ಟಿಎಚ್17 ಎಂಬ ಮತ್ತೊಂದು ಬಗೆಯ ಟಿ ಕೋಶಗಳು ಅಲ್ಲಿಯೇ ಹುಟ್ಟಿ, ಅಂತಿಮವಾಗಿ ಗಾಯ ಮಾಡುವುದು ಅವು. ಆಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ಮೊದಲೇ ಬರಿದು ಮಾಡಿದ ಇಲಿಗಳಲ್ಲಿ ಕರುಳಿನ ಈ ಹಾನಿ ತಗ್ಗಿತು. ಎಂದರೆ ಸರಪಳಿಯ ನಡುವಿನ ಕೊಂಡಿ ಬ್ಯಾಕ್ಟೀರಿಯಾಗಳೇ.

ಇದನ್ನು ಓದಿ ಯಾರಾದರೂ ಫ್ಲೂ ಬಂದೊಡನೆ ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ನುಂಗುವುದಕ್ಕೆ ಹೊಸ ನೆಪ ಹುಡುಕಿಕೊಂಡಾರೆಂಬ ಭಯ ನನಗಿದೆ. ಆ ಪ್ರಯೋಗ ಕಾರಣವನ್ನು ಗುರುತಿಸಲು ಮಾಡಿದ್ದು, ಚಿಕಿತ್ಸೆಯಾಗಿ ಅಲ್ಲ. ಅಜಿತ್ರೊಮೈಸಿನ್ ವೈರಸ್ಸನ್ನು ಕೊಲ್ಲುವುದಿಲ್ಲ; ಸಾಲದ್ದಕ್ಕೆ ಜಠರ ಮತ್ತು ಕರುಳನ್ನು ಸಂಕುಚಿಸುವಂತೆ ಮಾಡುವ ಮೋಟಿಲಿನ್ ಎಂಬ ಹಾರ್ಮೋನಿನ ಗ್ರಾಹಕವನ್ನೇ ಕೆಣಕುತ್ತದೆ. ಅದನ್ನು ನುಂಗಿದವರಿಗೆ ಆಗುವ ಹೊಟ್ಟೆನುಲಿತ, ಭೇದಿಗಳನ್ನೂ ನಾವು ಜ್ವರದ ಲೆಕ್ಕಕ್ಕೇ ಬರೆದುಬಿಡುತ್ತೇವೆ.

ಊಟ ಸೇರದಿರುವುದಕ್ಕೂ ಇಂಥದ್ದೇ ದೂರದ ಕಾರಣವಿದೆ. ಸೋಂಕು ತಗುಲಿದ ಉಸಿರಿನ ದಾರಿಯಲ್ಲಿ ಪ್ರೋಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ಸಂಕೇತ ಉತ್ಪತ್ತಿಯಾಗುತ್ತದೆ. ಅದನ್ನು ಗ್ರಹಿಸಿ ಮಿದುಳಿಗೆ ಸುದ್ದಿ ಮುಟ್ಟಿಸುವ ನರಕೋಶಗಳ ಒಂದು ಸಣ್ಣ ಗುಂಪು ಗಂಟಲಿನ ಭಾಗದಲ್ಲಿದೆಯೆಂದು ಹಾರ್ವರ್ಡ್ ವಿಜ್ಞಾನಿಗಳು 2023ರಲ್ಲಿ ಇಲಿಗಳಲ್ಲಿ ತೋರಿಸಿದರು. ಆ ಕೋಶಗಳನ್ನು ಇಲ್ಲವಾಗಿಸಿದಾಗ ಫ್ಲೂ ಬಂದ ಇಲಿಗಳು, ಆ ಕೋಶಗಳಿದ್ದ ಸೋಂಕಿತ ಇಲಿಗಳಿಗಿಂತ ಹೆಚ್ಚು ತಿಂದವು. ಹಾಗಾದರೆ ದೇಹವೇ ಬೇಡವೆಂದಾಗ ಬಿಟ್ಟುಬಿಡುವುದು ಲೇಸೇ? ‘ಲಂಘನಂ ಪರಮೌಷಧಂ’ ಎಂದು ಹಿರಿಯರು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಯೇಲ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ನಡೆದ ಇಲಿಗಳ ಅಧ್ಯಯನ ಇದಕ್ಕೆ ಕುತೂಹಲಕರ ಉತ್ತರ ಕೊಟ್ಟಿತು: ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಬಲವಂತವಾಗಿ ಉಣಿಸಿದ ಇಲಿಗಳು ಹೆಚ್ಚು ಸತ್ತವು, ಫ್ಲೂ ಸೋಂಕಿನಲ್ಲಿ ಉಣಿಸಿದವು ಹೆಚ್ಚು ಬದುಕಿದವು, ಮತ್ತು ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಗ್ಲೂಕೋಸ್ ಆಗಿತ್ತು. ಇಲಿಗಳ ಫಲಿತಾಂಶವನ್ನು ಹಾಗೆಯೇ ಮನುಷ್ಯರಿಗೆ ಹೊಂದಿಸುವಂತಿಲ್ಲ. ಆದರೂ ಫ್ಲೂ ಬಂದ ಮಕ್ಕಳಲ್ಲಿ ವಾಂತಿಭೇದಿ ದೊಡ್ಡವರಿಗಿಂತ ಹೆಚ್ಚು, ನೀರಿನಂಶ ಬೇಗ ಕಳೆದುಹೋಗುತ್ತದೆ. ಅಂಥ ಮಗುವನ್ನು ಉಪವಾಸ ಕೆಡವದೆ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸುತ್ತ, ಹಿಡಿಸಿದಷ್ಟು ಗಂಜಿ ಕೊಡಬೇಕು. ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.