ರಾಜ್ಯ ಕೇಳಿದಷ್ಟೇ ಕಾರ್ ವಿಮೆ ಮಾಡಿಸಿದರೆ ಸಾಲದೇ?

ಪ್ರಶ್ನೆ: ಟೆಕ್ಸಸ್‌ನ ಆಸ್ಟಿನ್‌ನಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದಿದ್ದೇವೆ. ಕಾರಿನ ಸಾಲ ತೀರಿದೆ. ನಾಲ್ಕು ವಿಮಾ ಕಂಪನಿಗಳಿಂದ ಕೋಟ್ (ಪ್ರೀಮಿಯಂ ಎಷ್ಟಾಗುತ್ತದೆ ಎಂಬ ದರ) ತರಿಸಿದೆ, ಒಂದಕ್ಕೂ ಇನ್ನೊಂದಕ್ಕೂ ತಾಳೆಯೇ ಇಲ್ಲ. ಕಾನೂನು ಕೇಳುವ ಮಿನಿಮಮ್ ಕವರೇಜನ್ನು ಯಾರು ಕಡಿಮೆಗೆ ಕೊಡುತ್ತಾರೋ ಅವರ ಹತ್ತಿರ ಮಾಡಿಸಿದರೆ ಸಾಲದೇ?

ಉತ್ತರ: ಪೊಲೀಸರು ನಿಲ್ಲಿಸಿದಾಗ ತೋರಿಸಲಿಕ್ಕೆ, ಡಿಎಂವಿಯಲ್ಲಿ (ನಮ್ಮ ಆರ್‌ಟಿಒ ಇದ್ದಂತೆ) ಕಾರು ನೋಂದಾಯಿಸಲಿಕ್ಕೆ ಸಾಕು. ಅಪಘಾತವಾದ ದಿನ ಸಾಲುವುದಿಲ್ಲ.

ಈ ಪ್ರಶ್ನೆ ನಮ್ಮವರಿಂದ ಪದೇಪದೇ ಬರುವುದಕ್ಕೆ ಕಾರಣವಿದೆ. ಊರಲ್ಲಿ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಅಧಿಸೂಚನೆಯಲ್ಲಿ 1,000ದಿಂದ 1,500 ಸಿಸಿ ಕಾರಿಗೆ 3,416 ರೂಪಾಯಿ; ಬೆಂಗಳೂರಾದರೂ ಅಷ್ಟೇ, ಬೀದರಾದರೂ ಅಷ್ಟೇ. ಎದುರಿನವರ ವಸ್ತುಹಾನಿಗೆ 7.5 ಲಕ್ಷದ ಮಿತಿ ಇದೆ ನಿಜ, ಆದರೆ ಜೀವಹಾನಿ, ಗಾಯಕ್ಕೆ ಅಂಥ ಮಿತಿ ಇಲ್ಲ. ನ್ಯಾಯಮಂಡಳಿ ಹೇಳಿದಷ್ಟನ್ನು ಕಂಪನಿ ಕಟ್ಟುತ್ತದೆ. ಹಾಗಾಗಿ ‘ಥರ್ಡ್ ಪಾರ್ಟಿ ಇದೆಯಲ್ಲ’ ಎನ್ನುವ ಧೈರ್ಯ ನಮಗೆ ಅಭ್ಯಾಸವಾಗಿಬಿಟ್ಟಿದೆ. ಅಮೆರಿಕದಲ್ಲಿ ಆ ಧೈರ್ಯಕ್ಕೆ ಆಧಾರವಿಲ್ಲ. ಇಲ್ಲಿ ಪ್ರತಿ ಪಾಲಿಸಿಗೂ ಒಂದು ಗರಿಷ್ಠ ಮೊತ್ತ ಇರುತ್ತದೆ. ಅದು ಮುಗಿದ ಮೇಲೆ ಉಳಿದದ್ದು ನಿಮ್ಮ ಜೇಬಿನದು.

ಆ ಮೊತ್ತದ ಕನಿಷ್ಠ ಎಷ್ಟಿರಬೇಕು ಎನ್ನುವುದು ರಾಜ್ಯಕ್ಕೊಂದು ಥರ. ನೀವು ಬಿಟ್ಟುಬಂದ ಟೆಕ್ಸಸ್‌ನಲ್ಲಿ 30/60/25. ಅಂದರೆ ಗಾಯಗೊಂಡ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತದಲ್ಲಿ ಎಲ್ಲ ಗಾಯಾಳುಗಳಿಗೂ ಸೇರಿ 60,000, ಎದುರಿನವರ ವಾಹನ, ವಸ್ತುಗಳಿಗೆ 25,000. ಕ್ಯಾಲಿಫೋರ್ನಿಯಾದಲ್ಲಿ 30/60/15. ಇದೂ 2025ರ ಜನವರಿಯಿಂದ ಮಾತ್ರ. ಅದಕ್ಕೆ ಮೊದಲು 1967ರಲ್ಲಿ ಗೊತ್ತುಮಾಡಿದ 15/30/5 ಹಾಗೇ ನಡೆದುಕೊಂಡು ಬಂದಿತ್ತು! 2035ಕ್ಕೆ 50/100/25 ಆಗಲಿದೆ. ಕಾನೂನಿನ ಕನಿಷ್ಠ ಮಿತಿ ಆಸ್ಪತ್ರೆ ಖರ್ಚಿನ ಜೊತೆ ಹೆಜ್ಜೆ ಹಾಕುವುದಿಲ್ಲ ಎನ್ನಲು ಈ ಅಂಕಿಗಳೇ ಸಾಕು.

ಒಂದು ಲೆಕ್ಕ ಹಾಕೋಣ. ಸಂಜೆ 880 ಫ್ರೀವೇಯಲ್ಲಿ ಮುಂದಿನ ಕಾರಿಗೆ ಹಿಂದಿನಿಂದ ಗುದ್ದಿದಿರಿ. ಅದು ಎರಡು ವರ್ಷ ಹಳೆಯ ಎಲೆಕ್ಟ್ರಿಕ್ ಕಾರು, ರಿಪೇರಿಗೆ ಬರದಷ್ಟು ಜಜ್ಜಿದೆ, ಬೆಲೆ 35,000 ಡಾಲರ್. ಓಡಿಸುತ್ತಿದ್ದವರ ಕುತ್ತಿಗೆಗೆ ಪೆಟ್ಟು, ಶಸ್ತ್ರಚಿಕಿತ್ಸೆ, ಮೂರು ತಿಂಗಳು ಕೆಲಸವಿಲ್ಲ. ಕಾರು ಬಿಟ್ಟು ಇದಕ್ಕೇ ಒಟ್ಟು 90,000 ಎಂದುಕೊಳ್ಳಿ. ಮಿನಿಮಮ್ ಪಾಲಿಸಿ ಕಾರಿಗೆ 15,000, ಅವರಿಗೆ 30,000 ಕೊಟ್ಟು ಕೈತೊಳೆದುಕೊಳ್ಳುತ್ತದೆ. ಉಳಿದ 80,000ಕ್ಕೆ ಅವರ ವಕೀಲರು ನಿಮ್ಮ ಮೇಲೆ ದಾವೆ ಹೂಡಬಹುದು. ಗೆದ್ದರೆ ಕೋರ್ಟಿನ ಆದೇಶದ ಮೇಲೆ ನಿಮ್ಮ ಸಂಬಳದ ಒಂದು ಪಾಲನ್ನು ನೀವು ಕೆಲಸ ಮಾಡುವ ಕಂಪನಿಯೇ ಮುರಿದುಕೊಂಡು ಅವರಿಗೆ ಕಟ್ಟಬಹುದು. ಉಳಿತಾಯ, ಷೇರು, ಮನೆಗೆಂದು ಕೂಡಿಟ್ಟದ್ದು, ಯಾವುದೂ ಸುರಕ್ಷಿತವಲ್ಲ. ತಿಂಗಳ ಸಂಬಳ ಚೆನ್ನಾಗಿರುವವರು ಮಿನಿಮಮ್ ಪಾಲಿಸಿಯಲ್ಲಿ ಓಡಾಡುವುದು ನನಗೆ ಅರ್ಥವಾಗದ ಧೈರ್ಯ. 100/300/100ಕ್ಕಿಂತ ಕೆಳಗೆ ಇಳಿಯಬೇಡಿ ಎನ್ನುತ್ತೇನೆ. ಸ್ವಂತ ಮನೆಯಿದ್ದರೆ 250/500/100, ಅದರ ಮೇಲೊಂದು ಅಂಬ್ರೆಲಾ ಪಾಲಿಸಿ, ಅಂದರೆ ಕಾರಿನ ವಿಮೆಯ ಮಿತಿ ಮುಗಿದ ಮೇಲೆ ಕೈಹಿಡಿಯುವ ಹೆಚ್ಚುವರಿ ವಿಮೆ.

ಇದಕ್ಕಿಂತಲೂ ಜನ ಹೆಚ್ಚು ಕಡೆಗಣಿಸುವುದು ಅನ್‌ಇನ್ಶೂರ್ಡ್ ಮತ್ತು ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ಕವರ್. ವಿಮೆಯೇ ಇಲ್ಲದವನು, ಅಥವಾ ಮಿನಿಮಮ್ ಮಾತ್ರ ಇರುವವನು ನಿಮಗೆ ಗುದ್ದಿದರೆ ನಿಮ್ಮ ಗಾಯಕ್ಕೆ ನಿಮ್ಮದೇ ಕಂಪನಿ ಕೊಡುವ ಹಣ ಇದು. ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಇದನ್ನು ಕೊಡುತ್ತೇನೆಂದು ಹೇಳಲೇಬೇಕು. ಬೇಡವೆಂದರೆ ನೀವು ಬರೆದುಕೊಡಬೇಕು. ಆನ್‌ಲೈನ್‌ನಲ್ಲಿ ಪ್ರೀಮಿಯಂ ಇಳಿಯಲಿ ಎಂದು ಟಿಕ್ ಮಾಡುವಾಗ ನಾವು ಬರೆದುಕೊಡುವುದು ಇದನ್ನೇ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿಮ್ಮ ಅಂಡರ್‌ಇನ್ಶೂರ್ಡ್ ಮಿತಿ 30,000, ಗುದ್ದಿದವನದೂ 30,000, ನಿಮ್ಮ ನಷ್ಟ 90,000 ಎಂದಿಟ್ಟುಕೊಳ್ಳಿ. ಅವನ ಕಂಪನಿ 30,000 ಕೊಡುತ್ತದೆ. ನಿಮ್ಮ ಕಂಪನಿ? ಸೊನ್ನೆ. ಈ ರಾಜ್ಯದ ಕಾನೂನಿನಲ್ಲಿ ನಿಮ್ಮ ಮಿತಿಯಿಂದ ಅವನ ಕಡೆಯಿಂದ ಬಂದದ್ದನ್ನು ಕಳೆದು ಉಳಿದರೆ ಮಾತ್ರ ನಿಮಗೆ. ನಿಮ್ಮ ಮಿತಿ 1,00,000 ಇದ್ದಿದ್ದರೆ ಬಾಕಿ 60,000 ಪೂರ್ತಿ ಸಿಗುತ್ತಿತ್ತು. ಮಿನಿಮಮ್ ಮಟ್ಟದ ಅಂಡರ್‌ಇನ್ಶೂರ್ಡ್ ಕವರ್‌ಗೆ ದುಡ್ಡು ಕೊಟ್ಟೂ ಕೈಗೆ ಏನೂ ಬರದಿರುವುದು ಹೀಗೆ. ಎದುರಿನವರಿಗೆ ಕೊಡುವ ಲಯಬಿಲಿಟಿ ಮಿತಿ ಎಷ್ಟಿದೆಯೋ ಇದನ್ನೂ ಅಷ್ಟಕ್ಕೇ ಏರಿಸಿ.

ಈಗ ನಿಮ್ಮ ನಾಲ್ಕು ಕೋಟ್‌ಗಳ ವಿಷಯ. ಅವು ತಾಳೆಯಾಗದಿರುವುದಕ್ಕೆ ಮುಖ್ಯ ಕಾರಣ ಕಂಪನಿಗಳಲ್ಲ, ಒಂದೊಂದು ಜಾಲತಾಣವೂ ತನಗೆ ಬೇಕಾದ ಮಿತಿಯನ್ನು ಮೊದಲೇ ತುಂಬಿಸಿಟ್ಟಿರುವುದು. ಒಂದು 30/60/15ರದ್ದು, ಇನ್ನೊಂದು 100/300/50ರದ್ದು. ಒಂದರಲ್ಲಿ ಡಿಡಕ್ಟಿಬಲ್ (ನಿಮ್ಮ ಕಾರಿನ ರಿಪೇರಿಯಲ್ಲಿ ಮೊದಲು ನೀವೇ ಕಟ್ಟಬೇಕಾದ ಮೊತ್ತ) 500, ಇನ್ನೊಂದರಲ್ಲಿ 1,000. ಒಂದು ಆರು ತಿಂಗಳ ಪ್ರೀಮಿಯಂ, ಇನ್ನೊಂದು ವರ್ಷದ್ದು. ಮೊದಲು ನಿಮಗೆ ಬೇಕಾದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಅದೇ ಅಂಕಿಗಳನ್ನು ನಾಲ್ಕೂ ಕಡೆ ಹಾಕಿ, ಆಮೇಲೆ ಬೆಲೆ ನೋಡಿ. ಕ್ಯಾಲಿಫೋರ್ನಿಯಾ ವಿಮಾ ಇಲಾಖೆಯ ಜಾಲತಾಣದಲ್ಲೂ ಪ್ರೀಮಿಯಂ ಹೋಲಿಸುವ ಸೌಲಭ್ಯವಿದೆ. ಅದರಲ್ಲಿ ಬರುವುದು ಅಂದಾಜು ಮಾತ್ರ.

ಟೆಕ್ಸಸ್‌ನಲ್ಲಿ ಒಳ್ಳೆಯ ಕ್ರೆಡಿಟ್ ಸ್ಕೋರ್‌ನಿಂದ ನಿಮಗೆ ಲಾಭವಾಗಿದ್ದಿರಬಹುದು. ಇಲ್ಲಿ ಆ ಆಸೆ ಬಿಡಿ, ಕಾರಿನ ವಿಮೆಗೆ ಅದನ್ನು ಬಳಸುವಂತಿಲ್ಲ. 1988ರಲ್ಲಿ ಮತದಾರರು ಒಪ್ಪಿದ ಪ್ರಾಪೊಸಿಷನ್ 103 ಎಂಬ ಕಾನೂನಿನ ಪ್ರಕಾರ ದರಕ್ಕೆ ಮೊದಲ ಆಧಾರ ನಿಮ್ಮ ಚಾಲನಾ ದಾಖಲೆ, ಎರಡನೆಯದು ವರ್ಷಕ್ಕೆ ಓಡಿಸುವ ಮೈಲಿ, ಮೂರನೆಯದು ಎಷ್ಟು ವರ್ಷದ ಅನುಭವ. ದಾಖಲೆ ಚೊಕ್ಕಟವಾಗಿರುವ ಅರ್ಹ ಚಾಲಕರಿಗೆ ಕನಿಷ್ಠ ಶೇ. 20ರ ರಿಯಾಯಿತಿ ಕೊಡಲೇಬೇಕು. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಎಂದಾದರೆ ಫಾರ್ಮ್‌ನಲ್ಲಿ ತಾನಾಗಿ ಬಂದಿರುವ 12,000 ಮೈಲಿಯನ್ನು ಹಾಗೇ ಬಿಡಬೇಡಿ, ಓಡೋಮೀಟರ್ ನೋಡಿ ನಿಜವಾದದ್ದನ್ನು ತುಂಬಿ. ಭಾರತದ ಲೈಸೆನ್ಸಿನ ವರ್ಷಗಳನ್ನು ಅನುಭವವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂದು ಪ್ರತಿ ಕಂಪನಿಯನ್ನೂ ಬಾಯಿಬಿಟ್ಟು ಕೇಳಿ.

ಹಣ ಉಳಿಸಲೇಬೇಕು ಎಂದರೆ ನಿಮ್ಮ ಕಾರಿನ ಕಡೆ ಉಳಿಸಿ. ಸಾಲ ತೀರಿದೆ, ಸಾಲ ಕೊಟ್ಟವರ ಒತ್ತಾಯವಿಲ್ಲ, ಹಾಗಾಗಿ ಕೊಲಿಷನ್ (ಡಿಕ್ಕಿಯಲ್ಲಿ ನಿಮ್ಮ ಕಾರಿಗಾದ ಹಾನಿಗೆ), ಕಾಂಪ್ರಹೆನ್ಸಿವ್ (ಕಳವು, ಗಾಜು ಒಡೆತದಂಥವಕ್ಕೆ) ಎರಡೂ ನಿಮ್ಮ ಇಷ್ಟ. ಕಾರಿನ ಬೆಲೆ ನಾಲ್ಕೈದು ಸಾವಿರಕ್ಕೆ ಇಳಿದಿದ್ದರೆ ಕೊಲಿಷನ್ ಕೈಬಿಡಬಹುದು. ಇಲ್ಲದಿದ್ದರೆ ಡಿಡಕ್ಟಿಬಲ್ 1,000ಕ್ಕೆ ಏರಿಸಿ. ಫ್ರೀಮಾಂಟ್ ಇರುವ ಬೇ ಏರಿಯಾದಲ್ಲಿ ಕಿಟಕಿ ಗಾಜು ಒಡೆಯುವವರ ಕಾಟ ತಪ್ಪಿದ್ದಲ್ಲ, ಕಾಂಪ್ರಹೆನ್ಸಿವ್ ಅನ್ನು ಮಾತ್ರ ಕೈಬಿಡಬೇಡಿ.

ಅಪ್ಪ ಅಮ್ಮ ಊರಿಂದ ಬಂದಾಗ ‘ಇಲ್ಲೇ ಅಂಗಡಿಗೆ ತಾನೇ’ ಎಂದು ಕೀ ಕೊಡುವ ಮುನ್ನ ಪಾಲಿಸಿ ಓದಿ. ಹೆಸರು ಸೇರಿಸದವರು ಓಡಿಸುತ್ತಿದ್ದಾಗ ಅಪಘಾತವಾದರೆ, ನೀವು ಎಷ್ಟೇ ದೊಡ್ಡ ಮಿತಿ ಕೊಂಡಿದ್ದರೂ ರಾಜ್ಯದ ಮಿನಿಮಮ್ ಮಾತ್ರ ಕೊಡುತ್ತೇವೆ ಎನ್ನುವ ಷರತ್ತು ಕೆಲವು ಪಾಲಿಸಿಗಳಲ್ಲಿರುತ್ತದೆ. ಅಗ್ಗದ ಕೋಟ್‌ನ ಗುಟ್ಟು ಎಷ್ಟೋ ಸಲ ಇಲ್ಲೇ ಇರುತ್ತದೆ.

ನಿವಾಸಿಯಾದ 20 ದಿನಗಳೊಳಗೆ ಕಾರನ್ನು ಇಲ್ಲಿ ನೋಂದಾಯಿಸಬೇಕು, ಹಾಗಾಗಿ ತಡಮಾಡಬೇಡಿ. ಹೊಸ ಪಾಲಿಸಿ ಶುರುವಾದ ಮೇಲೆಯೇ ಟೆಕ್ಸಸ್‌ನದನ್ನು ರದ್ದುಮಾಡಿ. ನಡುವೆ ಒಂದು ದಿನದ ಅಂತರವೂ ಬೇಡ.