ಡಿಫರೆನ್ಷಿಯಲ್ ಆಂಪ್ಲಿಫೈಯರ್‌ಗೆ ಎರಡು ಗೇನ್ ಏಕೆ?

ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಲ್ಯಾಬಿನಲ್ಲಿ ಟ್ರಾನ್ಸಿಸ್ಟರ್ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಜೋಡಿಸಿದಾಗ, ಒಂದೇ ಸರ್ಕ್ಯೂಟಿಗೆ ಡಿಫರೆನ್ಷಿಯಲ್ ಗೇನ್ (ಎರಡು ಇನ್‌ಪುಟ್‌ಗಳ ವ್ಯತ್ಯಾಸ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು), ಕಾಮನ್ ಮೋಡ್ ಗೇನ್ (ಎರಡಕ್ಕೂ ಸಮನಾಗಿ ಬಂದದ್ದು ಎಷ್ಟು ಪಟ್ಟಾಗುತ್ತದೆ ಎಂಬುದು) ಎಂಬ ಎರಡು ಲೆಕ್ಕಗಳೇಕೆ ಎಂದು ಕೇಳುವುದು ಸಹಜ. ಸೂತ್ರ ಬಾಯಿಪಾಠ ಮಾಡಿದರೆ ಉತ್ತರ ದೊರೆಯದು. ಈ ಸರ್ಕ್ಯೂಟ್ ಹುಟ್ಟಿದ್ದು ಹಿಗ್ಗಿಸುವುದಕ್ಕಿಂತ ಹೆಚ್ಚಾಗಿ ಬೇಡದ್ದನ್ನು ತಳ್ಳಿಹಾಕುವುದಕ್ಕೆ.

1934ರಲ್ಲಿ ಕೇಂಬ್ರಿಜ್‌ನ ಶರೀರಕ್ರಿಯಾ ವಿಜ್ಞಾನಿ ಬ್ರಯನ್ ಮ್ಯಾಥ್ಯೂಸ್ ದೇಹದ ಅತಿ ಕ್ಷೀಣ ವಿದ್ಯುತ್ ಸಂಕೇತಗಳನ್ನು ಅಳೆಯಲು ವಾಲ್ವ್‌ಗಳ (ಟ್ರಾನ್ಸಿಸ್ಟರ್‌ಗೂ ಮುಂಚಿನ ನಿರ್ವಾತ ನಳಿಕೆಗಳ) ಇಂಥ ಆಂಪ್ಲಿಫೈಯರನ್ನು ವಿವರಿಸಿದರು. ಹೊರಗಿನ ವಿದ್ಯುತ್ ಗದ್ದಲ ಎರಡು ಎಲೆಕ್ಟ್ರೋಡ್‌ಗಳಿಗೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ತಲುಪುವುದರಿಂದ, ಎರಡರ ವ್ಯತ್ಯಾಸವನ್ನಷ್ಟೇ ಹಿಗ್ಗಿಸಿದರೆ ಗದ್ದಲ ಹಿಂದುಳಿಯುತ್ತದೆ. ಎರಡು ವಾಲ್ವ್‌ಗಳ ಕ್ಯಾಥೋಡ್‌ಗಳಿಗೆ ಒಂದೇ ದೊಡ್ಡ ರೆಸಿಸ್ಟರ್ (ಇದೇ ‘ಟೇಲ್’) ಕೊಡುವ ‘ಲಾಂಗ್ ಟೇಲ್ಡ್ ಪೇರ್’ ಬ್ರಿಟಿಷ್ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ಅವರ 1936ರ ಪೇಟೆಂಟ್‌ನಲ್ಲಿದೆ.

ಟ್ರಾನ್ಸಿಸ್ಟರ್ ಬಂದ ಮೇಲೆ ಬಿಸಿಯ ತೊಡಕೂ ಸೇರಿತು. ಬೇಸ್-ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಜೋಡಿಯ ಎರಡೂ ಟ್ರಾನ್ಸಿಸ್ಟರ್‌ಗಳಲ್ಲಿ ಸಮನಾಗಿ ಇಳಿದರೆ ಮಾತ್ರ ಅದು ಔಟ್‌ಪುಟ್ಟಿನಲ್ಲಿ ಅಳಿಸಿಹೋಗುತ್ತದೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಆರಂಭವಾದ ಕಾಲಕ್ಕೆ ಬಿಡಿ ಟ್ರಾನ್ಸಿಸ್ಟರ್‌ಗಳಲ್ಲಿ ಸರಿಜೋಡಿ ಹುಡುಕಬೇಕಿತ್ತು. 1965ರಲ್ಲಿ ಅಮೆರಿಕದ ಎಂಜಿನಿಯರ್ ಬಾಬ್ ವಿಡ್ಲರ್ ರೂಪಿಸಿದ 709 ಆಪ್-ಆಂಪ್‌ನಂಥ (ಆಪರೇಷನಲ್ ಆಂಪ್ಲಿಫೈಯರ್) ಐಸಿಗಳಲ್ಲಿ (ಇಂಟಿಗ್ರೇಟೆಡ್ ಸರ್ಕ್ಯೂಟ್) ಎರಡೂ ಟ್ರಾನ್ಸಿಸ್ಟರ್‌ಗಳು ಒಂದೇ ಚಿಪ್ಪಿನ ಮೇಲೆ ಅಕ್ಕಪಕ್ಕ ಕೂತವು.

ಈಗ ಲೆಕ್ಕ. ಸಪ್ಲೈ ಪ್ಲಸ್-ಮೈನಸ್ 12 ವೋಲ್ಟ್, ಟೇಲ್ ರೆಸಿಸ್ಟರ್ 11.3 ಕಿಲೋಓಮ್, ಕಲೆಕ್ಟರ್ ರೆಸಿಸ್ಟರ್‌ಗಳು ತಲಾ 10 ಕಿಲೋಓಮ್ ಎಂದಿಟ್ಟುಕೊಳ್ಳೋಣ. ಟೇಲ್‌ನಲ್ಲಿ ಹರಿಯುವ 1 ಮಿಲಿಆಂಪಿಯರ್ (12ರಿಂದ ಬೇಸ್-ಎಮಿಟರ್‌ನ ಸುಮಾರು 0.7 ವೋಲ್ಟ್ ಕಳೆದು 11.3 ಕಿಲೋಓಮ್‌ನಿಂದ ಭಾಗಿಸಿದ್ದು) ಅರ್ಧರ್ಧ ಹಂಚಿಕೆಯಾಗಿ, ಕೋಣೆಯ ಉಷ್ಣತೆಯಲ್ಲಿನ ಥರ್ಮಲ್ ವೋಲ್ಟೇಜ್ ಆದ 26 ಮಿಲಿವೋಲ್ಟನ್ನು 0.5 ಮಿಲಿಆಂಪಿಯರ್‌ನಿಂದ ಭಾಗಿಸಿದಾಗ ಎಮಿಟರ್‌ನ ಆಂತರಿಕ ರೋಧ 52 ಓಮ್ ಬರುತ್ತದೆ. ಇನ್‌ಪುಟ್‌ಗಳು ವಿರುದ್ಧ ದಿಕ್ಕಿನಲ್ಲಿ ಸರಿದಾಗ ಒಂದರಲ್ಲಿ ಹೆಚ್ಚಿದ ಕರೆಂಟ್ ಇನ್ನೊಂದರಲ್ಲಿ ತಗ್ಗುತ್ತದೆ; ಎಮಿಟರ್‌ಗಳು ಕೂಡುವ ಬಿಂದು ಕದಲದೆ, ಟೇಲ್ ಇಲ್ಲವೆಂಬಂತೆ ಇರುತ್ತದೆ. ಆಗ ಒಂದು ಕಲೆಕ್ಟರ್‌ನಿಂದ ಸಿಗುವ ಗೇನ್ 10000 ಭಾಗಿಸು 104 (52ರ ಎರಡರಷ್ಟು), ಅಂದರೆ ಸುಮಾರು 96; ಎರಡು ಕಲೆಕ್ಟರ್‌ಗಳ ನಡುವೆ ಅಳೆದರೆ 192. ಔಟ್‌ಪುಟ್ ಎಲ್ಲಿಂದ ಎಂದು ಹೇಳದೆ ಗೇನ್ ಹೇಳುವುದು ಅರ್ಥಹೀನ. ಎರಡರಷ್ಟು ತಪ್ಪುವ ಉತ್ತರಗಳು ಬಹಳಷ್ಟು ಇಲ್ಲಿಯೇ ಹುಟ್ಟುತ್ತವೆ.

ಇನ್‌ಪುಟ್‌ಗಳೆರಡೂ ಒಟ್ಟಿಗೆ ಏರಿದರೆ ಪ್ರತಿ ಟ್ರಾನ್ಸಿಸ್ಟರ್‌ಗೂ ಟೇಲ್ ಎರಡರಷ್ಟು, 22.6 ಕಿಲೋಓಮ್ ಆಗಿ ಎದುರಾಗುತ್ತದೆ. ಒಂದು ಕಲೆಕ್ಟರ್‌ನ ಗೇನ್ 0.44ಕ್ಕೆ ಕುಸಿಯುತ್ತದೆ. ಎರಡು ಗೇನ್‌ಗಳ ಅನುಪಾತ ಸುಮಾರು 217, ಅಂದರೆ 47 ಡೆಸಿಬೆಲ್. ಈ ಸರ್ಕ್ಯೂಟಿನ ಯೋಗ್ಯತೆಯನ್ನು ಅಳೆಯಬೇಕಾದದ್ದು 96ರಿಂದಲ್ಲ, ಈ ಅನುಪಾತದಿಂದ. ರೆಸಿಸ್ಟರನ್ನು ಇನ್ನಷ್ಟು ಹಿಗ್ಗಿಸಿ ಇದನ್ನು ಏರಿಸಹೊರಟರೆ ಕರೆಂಟ್ ಸೊರಗುತ್ತದೆ, ಆದ್ದರಿಂದಲೇ ಐಸಿ ವಿನ್ಯಾಸಕರು ಟೇಲ್‌ನ ಜಾಗದಲ್ಲಿ ಟ್ರಾನ್ಸಿಸ್ಟರ್ ಕರೆಂಟ್ ಸೋರ್ಸ್ (ವೋಲ್ಟೇಜ್ ಬದಲಾದರೂ ಕರೆಂಟನ್ನು ಹೆಚ್ಚುಕಡಿಮೆ ಸ್ಥಿರವಾಗಿಡುವ ಭಾಗ) ಇಡುತ್ತಾರೆ.